ಆಕಳು ಕೂಗುವ ವೆಬ್‌ಸೈಟ್

ಕಂಪ್ಯೂಟರ್ ಕಲಿಯುವುದು ಕಷ್ಟ ಎನ್ನುವವರನ್ನು ಕಂಡರೆ ಆಗ ನನಗೆ ನಗು ಬರುತ್ತಿತ್ತು. ಬಸವಕಲ್ಯಾಣದಲ್ಲಿ ಮೂರು ದಿನ ಶಿಕ್ಷಕರ ಕಂಪ್ಯೂಟರ್ ತರಬೇತಿ ಮುಗಿಸಿ ಬಂದವನು ನಾನು. ಮೂರು ದಿನ! ಅದರಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ ಎಂಬುದು ಬೇರೆ ಮಾತು. ಮೂರನೆಯ ದಿನ ತರಬೇತಿಯವರು ಸಣ್ಣ ಮಕ್ಕಳಿಗಾಗಿ ಮಾಡಿದ ಒಂದು ವೆಬ್‌ಸೈಟ್ ತೋರಿಸಿದರು. ಪರದೆಯ ಮೇಲಿನ ಆಕಳನ್ನು ಒತ್ತಿದರೆ ಅದು ‘ಅಂಬಾ’ ಎನ್ನುತ್ತಿತ್ತು. ಮಾವಿನಹಣ್ಣುಗಳನ್ನು ಸರಿಯಾಗಿ ಎಣಿಸಿದರೆ ಚಪ್ಪಾಳೆ ತಟ್ಟುತ್ತಿತ್ತು. ಇಷ್ಟು ವರ್ಷ ಪಾಠ ಮಾಡಿದ ನನಗೇ ಯಾರೂ ಚಪ್ಪಾಳೆ ತಟ್ಟಿರಲಿಲ್ಲ! ನಮ್ಮ ಮಕ್ಕಳಿಗೂ ಈ ಆಕಳನ್ನು ತೋರಿಸಲೇಬೇಕೆಂದು ಅಲ್ಲಿಯೇ ತೀರ್ಮಾನಿಸಿದೆ.

ಮನ್ನಾಏಖೇಳ್ಳಿ ಹತ್ತಿರದ ನಮ್ಮ ಹಳ್ಳಿಯ ಶಾಲೆಗೂ, ಅಂದರೆ ನಮ್ಮ ಮಾತಿನ ಸಾಲಿಗೂ, ಒಂದು ಕಂಪ್ಯೂಟರ್ ಬಂದಿತ್ತು. ಅದಕ್ಕೆ ಹೂವಿನ ಚಿತ್ತಾರದ ಗವುಸು ಹೊಲಿಸಿದ್ದೆವು. ಆಯುಧಪೂಜೆಗೆ ವಿಭೂತಿ ಬಳಿದು, ಮಾಲೆ ಹಾಕಿ, ಕಾಯಿ ಒಡೆಯುತ್ತಿದ್ದೆವು. ಉಳಿದ ದಿನ ದೂರದಿಂದಲೇ ಗೌರವ ಸಲ್ಲಿಸುತ್ತಿದ್ದೆವು.

ಈ ಗೌರವ ನನ್ನ ಹೆಂಡತಿ ಮಾದೇವಿಗೆ ಹಿಡಿಸಲಿಲ್ಲ. ನಮ್ಮ ಮಗಳು ಭಾಗ್ಯ ನನ್ನ ಕೈಯಲ್ಲೇ ಮೂರನೆಯ ಇಯತ್ತೆ ಓದುತ್ತಿದ್ದಳು.

“ಹುಮನಾಬಾದದ ಸಾಲ್ಯಾಗ ಹುಡುಗ್ರು ಕಂಪ್ಯೂಟರ್ ಮುಂದ ಕುಂತು ಕಲ್ಯಾಕತ್ತಾರ. ನೀವು ಅದಕ್ಕ ಮಾಲಿ ಹಾಕಾಕತ್ತೀರಿ! ಸೋಮವಾರ ಭಾಗ್ಯಾಂದು ಟಿ.ಸಿ. ತಗೊಂಡು ಬರ್ರಿ. ಅಲ್ಲೇ ಹಾಕೋಣು,” ಎಂದಳು ಮಾದೇವಿ ಒಂದು ದಿನ.

ಮಾಸ್ತರನ ಮಗಳೇ ಸಾಲಿ ಬಿಟ್ಟರೆ ಊರವರು ತಮ್ಮ ಮಕ್ಕಳನ್ನು ಇಲ್ಲಿ ಯಾಕೆ ಉಳಿಸುತ್ತಾರೆ? ಅದಿರಲಿ, ಎದುರಿಗೇ ಕೂತ ಆ ಕೂಸಿನ ಮುಖ ನೋಡಿಕೊಂಡೇ ನಾನು ಪಾಠ ಮಾಡುತ್ತಿದ್ದೆ. ಅವಳಿಲ್ಲದ ತರಗತಿಯನ್ನು ನೆನೆದರೇ ಸಂಕಟವಾಗುತ್ತಿತ್ತು.

“ಶನಿವಾರ ಸಾಲಿಗೆ ಬಾ. ಓಣಿ ಮಂದೀನೂ ಕರಕೊಂಡು ಬಾ. ವೆಬ್‌ಸೈಟ್ ತೋರಸ್ತೀನಿ. ಇಲ್ಲಾಂದ್ರ ನನ್ನ ಕೈಲೇ ಟಿ.ಸಿ. ಬರದು ಕೊಡ್ತೀನಿ!” ಎಂದೆ.

“ಬರೋಬ್ಬರಿ. ಈ ಮಾತು ನೆನಪಿಡ್ರಿ,” ಎಂದಳು.

ಮರುದಿನವೇ, ಕಂಪ್ಯೂಟರಿನಲ್ಲಿದ್ದದ್ದನ್ನು ತುಂಬಿಕೊಂಡು ಒಯ್ಯುವ ಒಂದು ಹೊಸ ಫ್ಲಾಪಿ ಹಿಡಿದು ಹುಮನಾಬಾದಿನ ಸೈಬರ್ ಕೆಫೆಗೆ ಹೋದೆ. ಅಲ್ಲಿಯ ಮಾಲೀಕರು ನನಗಾಗಿ ಆ ವೆಬ್‌ಸೈಟ್ ಹುಡುಕಿ, ಅದರ ಪುಟ್ಟ ಆಕಳ ಚಿತ್ರವನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಟ್ಟು, ಬೇರೆ ಗಿರಾಕಿಯ ಕಡೆ ಹೋದರು. ನಾನು ಆ ಚಿತ್ರವನ್ನು ಫ್ಲಾಪಿಗೆ ಹಾಕಿದೆ. ಕಣ್ಣು ಮಿಟುಕಿಸುವುದರಲ್ಲಿ ಇಡೀ ವೆಬ್‌ಸೈಟ್ ಒಳಗೆ! ಮಂದಿ ಇದಕ್ಕೆ ಯಾಕಿಷ್ಟು ಹೆದರುತ್ತಾರೋ ಎಂದುಕೊಂಡೆ. ಮನೆಗೆ ಬಂದು ಫ್ಲಾಪಿಗೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟೆ.

ಗುರುವಾರ ಸಾಲಿಯಲ್ಲಿ ಗವುಸು ತೆಗೆದು, ಫ್ಲಾಪಿ ಹಾಕಿ, ಆಕಳ ಚಿತ್ರ ಒತ್ತಿದೆ. ಪುಟ ಸಿಗಲಿಲ್ಲ ಎಂದಿತು ಕಂಪ್ಯೂಟರ್. ಮತ್ತೆ ಒತ್ತಿದೆ. ಮತ್ತೆ ಅದೇ ಉತ್ತರ. ಬಿಡುವವನೇ ನಾನು? ಶುಕ್ರವಾರ ಮತ್ತೆ ಹುಮನಾಬಾದಿಗೆ ಹೊರಟೆ.

ಕೆಫೆಯ ಮಾಲೀಕರು ಫ್ಲಾಪಿ ನೋಡಿ ಹಣೆ ಚಚ್ಚಿಕೊಂಡರು. “ಸರ್, ನೀವು ಮನಿ ಒಯ್ದಿಲ್ರಿ. ಬರೇ ಮನಿ ವಿಳಾಸ ಒಯ್ದೀರಿ!”

“ವಿಳಾಸ ಕೈಯಾಗ ಅದ ಅಲ್ರಿ? ಇನ್ನ ಹೋಗೂದು ಹ್ಯಾಂಗ, ಅಷ್ಟು ಹೇಳ್ರಿ.”

“ಅದಕ್ಕ ಫೋನಿನ ವಾಯರ್ ಬೇಕಾಗ್ತದ್ರಿ. ಮತ್ತ...”

ಅಷ್ಟರಲ್ಲಿ ಮನ್ನಾಏಖೇಳ್ಳಿ ಬಸ್ಸು ಹಾರ್ನ್ ಹೊಡೆಯಿತು. ನಾನು ಓಡಿದೆ. ಅವರು ಹಿಂದಿನಿಂದ ಏನೋ ಕೂಗಿ ಹೇಳಿದರು. ಮುಖ್ಯವಾದದ್ದು ಗೊತ್ತಾಗಿದೆಯಲ್ಲ, ಉಳಿದದ್ದೇಕೆ ಎಂದು ಬಸ್ಸು ಹತ್ತಿದೆ.

ಸಾಲಿಯ ಎದುರಿಗೆ ಓಣಿಯ ಆಚೆ ಶರಣಪ್ಪನ ಕಿರಾಣಿ ಅಂಗಡಿಯಲ್ಲಿ ಫೋನ್ ಇತ್ತು. “ಶರಣಪ್ಪಾ, ನಿನ್ನ ಫೋನು ಜರಾ ಒಂದ್ ತಾಸು ಸಾಲಿಗೆ ಬೇಕು,” ಎಂದೆ.

“ತಗೋರಿ ಮಾಸ್ತರ್, ಆದ್ರ ಅದು ಅಂಗಡಿ ಬಿಟ್ಟು ಹೋಗಬಾರದು ನೋಡ್ರಿ,” ಎಂದ ಪಾಪ.

ಶನಿವಾರ ಮುಂಜಾನೆ ಮದುವೆ ದೀಪಕ್ಕೆ ಕಟ್ಟುವ ಉದ್ದನೆಯ ವಾಯರನ್ನು ಅವನ ಫೋನಿಗೆ ಬಿಗಿದು, ಓಣಿ ದಾಟಿಸಿ, ಕಿಟಕಿಯಿಂದ ಒಳಗೆ ಎಳೆದೆ. ಸಾಲಿ ತುಂಬ ಮಂದಿ. ಮಾದೇವಿ ಮುಂದೆಯೇ ಕೂತಿದ್ದಳು. ನಾನು ಗಂಟಲು ಸರಿಪಡಿಸಿಕೊಂಡು, ಜಗತ್ತಿನ ಜ್ಞಾನಭಂಡಾರವು ಇನ್ನು ಕೆಲವೇ ಕ್ಷಣಗಳಲ್ಲಿ ನಮ್ಮ ಗ್ರಾಮಕ್ಕೆ ಆಗಮಿಸಲಿದೆ ಎಂದು ಘೋಷಿಸಿದೆ. ಆಮೇಲೆ ಕಂಪ್ಯೂಟರಿನ ಹಿಂದೆ ಬಗ್ಗಿ ವಾಯರ್ ಸಿಕ್ಕಿಸಲು ನೋಡಿದೆ. ಒಂದು ತೂತಿಗೂ ಅದು ಕೂಡಲಿಲ್ಲ. ನಡುವೆ ಮೋಡೆಮ್ ಎಂಬ ಡಬ್ಬಿ ಬೇಕಂತೆ! ಕೆಫೆಯವರು ಹಿಂದಿನಿಂದ ಕೂಗಿದ್ದು ಅದನ್ನೇ ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಆಗಲೇ ಓಣಿಯಲ್ಲಿ ಒಂದು ಎಮ್ಮೆ ಬಂತು. ಅದರ ಕೊಂಬಿಗೆ ವಾಯರ್ ಸಿಕ್ಕಿತು. ಎಮ್ಮೆ ಬೆದರಿ ಕೂಗಿತು. ನನ್ನ ಕೈಯಿಂದ ವಾಯರ್ ಸರ್ರನೆ ಜಾರಿತು. ಕಿಟಕಿಯಲ್ಲಿ ನೋಡುತ್ತೇವೆ, ಎಮ್ಮೆ ಮುಂದೆ, ಫೋನು ಹಿಂದೆ, ಅದರ ಹಿಂದೆ ಬಾಯಿ ಬಡಿದುಕೊಳ್ಳುತ್ತ ಶರಣಪ್ಪ!

“ಇದೇ ಏನ್ರಿ ನಿಮ್ಮ ವೆಬ್‌ಸೈಟು?” ಎಂದು ಒಬ್ಬ ಮುದುಕಿ ಕೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾದೇವಿ ಮಾತ್ರ ನಗಲಿಲ್ಲ. ಎದ್ದು ನಿಂತು, “ಟಿ.ಸಿ. ಫಾರಂ ಎಲ್ಲಿಟ್ಟೀರಿ?” ಎಂದಳು.

ಭಾಗ್ಯ ನನ್ನ ಮುಖ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಆ ಕಣ್ಣು ನೋಡಿ ನನಗೆ ಹಟ ಬಂತು. ಕಂಪ್ಯೂಟರಿನ ಗವುಸನ್ನು ತಲೆಯ ಮೇಲೆ ಹೊದ್ದುಕೊಂಡು ಮೇಜಿನ ಕೆಳಗೆ ನುಗ್ಗಿದೆ.

“ಭಾಗ್ಯಾ! ಗುಂಡಿ ಒತ್ತು!”

ಅವಳು ಮೌಸ್ ಒತ್ತಿದಳು.

“ಅಂಬಾಆಆ!” ಎಂದೆ.

ಕೂಡಲೇ ಮಕ್ಕಳು ಮೇಜಿಗೆ ಮುತ್ತಿಗೆ ಹಾಕಿದರು. ಒಬ್ಬನಿಗೆ ನಾಯಿ ಬೇಕು, ಒಬ್ಬಳಿಗೆ ಕತ್ತೆ ಬೇಕು. ಪಾಟಿಯ ಮೇಲೆ ಮಾವಿನಹಣ್ಣು ಬರೆದು ಕೆಳಗಿನಿಂದಲೇ ಮೇಲೆ ಎತ್ತಿ ಹಿಡಿದೆ. ಸರಿಯಾಗಿ ಎಣಿಸಿದವರಿಗೆ ಅಲ್ಲಿಂದಲೇ ಚಪ್ಪಾಳೆ ತಟ್ಟಿದೆ. ಎಣಿಸೆಂದರೆ ಬಾಯಿಯೇ ಬಿಡದ ಒಬ್ಬ ಹುಡುಗಿಯೂ ಇಪ್ಪತ್ತರ ತನಕ ಎಣಿಸಿದಳು. ನನ್ನ ಮೊಣಕಾಲು ಸತ್ತುಹೋದವು, ಗಂಟಲು ಕೂತುಹೋಯಿತು, ಆದರೂ ನಾನು ಹೊರಗೆ ಬರಲಿಲ್ಲ.

ಕೊನೆಗೆ ಮಾದೇವಿ ಮಗಳ ಕೈ ಹಿಡಿದಳು. “ನಡಿ, ಸಾಕು.”

“ನಾ ಆ ಸಾಲಿಗಿ ಬಿಲ್ಕುಲ್ ಹೋಗಂಗಿಲ್ಲವ್ವಾ. ಸೋಮವಾರ ಇಲ್ಲಿ ಮೊದಲನೇ ಪಾಳಿ ನಂದು!”

ಮಾದೇವಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. “ಹೊರಗ ಬರ್ರಿ. ಟಿ.ಸಿ. ಇರ್ಲಿ ಬಿಡ್ರಿ. ಇಂಥ ಕಂಪ್ಯೂಟರ್ ಹುಮನಾಬಾದದಾಗ ಎಲ್ಲಿ ಸಿಗ್ತದ!” ಎಂದಳು. ಆಗ ಅವಳಿಗೂ ನಗು ತಡೆಯಲಾಗಲಿಲ್ಲ.

ನಾನು ಗೆದ್ದೆ ಎಂದೇ ತಿಳಿದಿದ್ದೆ. ಮುಂದಿನ ವಾರ ನಿರ್ಣಾದಿಂದ ನನ್ನ ಹೆಂಡತಿಯ ಅಣ್ಣ ಬಂದ. ಚಹಾ ಕುಡಿಯುತ್ತ ಭಾಗ್ಯಳನ್ನು ಕೇಳಿದ, “ಏನವ್ವಾ, ನಿಮ್ಮಪ್ಪಗ ಕಂಪ್ಯೂಟರ್ ಭಾಳ ಛಲೋ ಬರ್ತದಂತ, ಖರೇನು?”

ನಾನು ಎದೆ ಉಬ್ಬಿಸಿ ಕೂತೆ.

“ಇಲ್ಲ ಮಾಮಾ, ಅಪ್ಪಗ ಕಂಪ್ಯೂಟರ್ ಬರಂಗಿಲ್ಲ,” ಎಂದಳು ನನ್ನ ಮಗಳು ಅಭಿಮಾನದಿಂದ. “ಆದ್ರ ಆಕಳ ಹಂಗ ಒದರಾಕ ಭಾಳ ಛಂದ ಬರ್ತದ!”