ವರಾಂಡದಿಂದ ಇನ್ನೂರ ಎಂಬತ್ತೆಂಟನೇ ಕಲ್ಲಿಗೆ

ಭೂಮಾಪನ ಕಚೇರಿಯ ನೆಲಮಹಡಿಯ ವರಾಂಡದಲ್ಲಿರುವ ವ್ಯಾಯಾಮದ ಸೈಕಲ್ಲು ನಿಂತ ಜಾಗ ಬಿಟ್ಟು ಕದಲುವುದಿಲ್ಲ ಎಂಬ ಸಂಗತಿ, ಅದು ಬಂದ ದಿನವೇ ಸ್ಥಳ ಪರಿಶೀಲನೆ ನಡೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ದಾಖಲಾಗಿದೆ. ನೌಕರರ ಆರೋಗ್ಯ ಸಪ್ತಾಹಕ್ಕೆಂದು ತರಿಸಿದ ಸೈಕಲ್ಲು ಅದು. ಸಪ್ತಾಹ ಮುಗಿದು ಎರಡು ವರ್ಷವಾಗಿತ್ತು. ಅಷ್ಟು ದಿನವೂ ಅದು ಸಿಬ್ಬಂದಿಗೆ ಕೈಲಾದಷ್ಟು ಸೇವೆ ಮಾಡಿತ್ತು. ಮಳೆ ಬಂದಾಗ ಹಿಡಿಗೆ ಕೊಡೆ ನೇತುಹಾಕುತ್ತಿದ್ದರು, ಬಿಸಿಲಿದ್ದಾಗ ಸೀಟಿನ ಮೇಲೆ ಟಪಾಲು ವಿಭಾಗದವರ ಊಟದ ಡಬ್ಬಿ ಕೂರುತ್ತಿತ್ತು.

ಅದನ್ನು ತುಳಿಯುವ ಅಗತ್ಯ ಮೊಟ್ಟಮೊದಲು ಬಿದ್ದದ್ದು ನಕ್ಷೆಯಮ್ಮನವರಿಗೆ. ಅವರ ನಿಜವಾದ ಹೆಸರು ಸೇವಾ ಪುಸ್ತಕದಲ್ಲಿತ್ತು, ಅಲ್ಲಿ ಭದ್ರವಾಗಿತ್ತು. ಮೂರನೇ ಮಹಡಿಯ ನಕ್ಷೆ ಕೋಣೆಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡ ಮೇಲೆ ಅವರ ಗಂಡ ಕೂಡ ಕಚೇರಿಗೆ ಫೋನ್ ಮಾಡಿದರೆ ‘ನಕ್ಷೆಯಮ್ಮ ಇದ್ದಾರಾ’ ಎಂದೇ ಕೇಳುತ್ತಿದ್ದರು. ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆಗಳು, ಕೈಯಲ್ಲೇ ಶಾಯಿ ಎಳೆದ ಹಳ್ಳಿಗಳ ಗಡಿಗಳು, ಯಾವುದು ಯಾವ ಡ್ರಾಯರಿನಲ್ಲಿದೆ ಎಂಬುದು ಆಕೆಯ ಬೆರಳುಗಳಿಗೆ ಗೊತ್ತಿತ್ತು. ಆ ಕೋಣೆಗೆ ಅರವತ್ತೊಂದು ಮೆಟ್ಟಿಲು. ಒಂದು ಪುಟ್ಟ ಲಿಫ್ಟು ಇತ್ತು, ಆದರೆ ನಕ್ಷೆಗಳಿಗೆ ಮಾತ್ರ. ‘ಮನುಷ್ಯರು ಸುರುಳಿ ಸುತ್ತಿಕೊಂಡು ಬಂದರೂ ಪ್ರವೇಶವಿಲ್ಲ’ ಎಂದು ಬೋರ್ಡು ಹಾಕಿದ್ದರು. ಯಾರೋ ಒಮ್ಮೆ ಪ್ರಯತ್ನಿಸಿರಬೇಕು.

ಐವತ್ನಾಲ್ಕನೇ ವಯಸ್ಸಿಗೆ ಬಲ ಮಂಡಿ ಕೈಕೊಟ್ಟಿತು. ಡಾಕ್ಟರಮ್ಮ ಒತ್ತಿ ನೋಡಿ, ಮಡಚಿ ನೋಡಿ ಹೇಳಿದರು: “ಆಪರೇಷನ್ ಈಗ್ಲೇ ಬೇಡ. ದಿನಾ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಸೈಕಲ್ ತುಳೀರಿ, ಎಂಟು ವಾರ. ವೇಗ ಎಷ್ಟು, ಎದೆಬಡಿತ ಎಷ್ಟು ಅಂತ ಬರ್ಕೊಂಡು ಬನ್ನಿ. ತೊಡೆ ಗಟ್ಟಿಯಾದ್ರೆ ಮಂಡಿ ಬಚಾವ್.”

ನಕ್ಷೆಯಮ್ಮ ಸುಮ್ಮನೆ ಹೋಗಿ ಸೈಕಲ್ಲು ಹತ್ತಿ ತುಳಿದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಅರ್ಜಿ ಬರೆದರು. ಸೈಕಲ್ಲು ಬಳಸಲು ಅನುಮತಿ ಬೇಕು, ವೇಗವನ್ನೂ ಎದೆಬಡಿತವನ್ನೂ ತೋರಿಸುವ ಯಾವುದಾದರೂ ಸಣ್ಣ ಸಾಧನ ಇದ್ದರೆ ಒಳ್ಳೆಯದು, ಇಷ್ಟೇ.

ನಾಲ್ಕನೇ ದಿನ ಸುತ್ತೋಲೆ ಬಂತು.

‘ಒಳಾಂಗಣ ಸೈಕಲ್ ತುಳಿತದ ಮಾಪನ ಹಾಗೂ ಮಾರ್ಗದರ್ಶನಕ್ಕೆ ಸೂಕ್ತ ತಂತ್ರಜ್ಞಾನವನ್ನು ಆಯ್ಕೆ ಮಾಡಲು ಸಮಿತಿಯೊಂದನ್ನು ರಚಿಸಲಾಗಿದೆ. ಅಳತೆಯಿಲ್ಲದೆ ತುಳಿದುದನ್ನು ಆಮೇಲೆ ಅಳೆಯಲು ಬಾರದಿರುವುದರಿಂದಲೂ, ದಾಖಲೆಯಿಲ್ಲದ ಬೆವರಿಗೆ ಕಚೇರಿಯು ಹೊಣೆಯಲ್ಲವಾದ್ದರಿಂದಲೂ, ಆಯ್ಕೆ ಪೂರ್ಣಗೊಳ್ಳುವವರೆಗೆ ಯಾರೂ ಸದರಿ ಸೈಕಲ್ಲನ್ನು ತುಳಿಯತಕ್ಕದ್ದಲ್ಲ. ಕೊಡೆಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.’

ಸಮಿತಿಯ ಅಧ್ಯಕ್ಷರು ಉಪನಿರ್ದೇಶಕರು. ಸಜ್ಜನರು, ಯಾರ ಮನಸ್ಸನ್ನೂ ನೋಯಿಸದವರು, ಅದೇ ಕಾರಣಕ್ಕೆ ಯಾವ ತೀರ್ಮಾನವನ್ನೂ ಕೈಗೊಳ್ಳದವರು. ಇನ್ನೊಬ್ಬ ಸದಸ್ಯರು ಹಿರಿಯ ಭೂಮಾಪಕರು. ಮೂವತ್ತು ವರ್ಷ ಬಯಲಿನಲ್ಲಿ ಅಳತೆಯ ಸರಪಳಿ ಎಳೆದಿದ್ದ ಅವರನ್ನು ಎಲ್ಲರೂ ಸರಪಳಿ ಮಾವ ಎನ್ನುತ್ತಿದ್ದರು. ಈಗ ಎಂಟು ವರ್ಷದಿಂದ ನೆಲಮಹಡಿಯ ಮೇಜೊಂದರ ಹಿಂದೆ ಕೂತಿದ್ದರು. ಕುರ್ಚಿಯಿಂದ ಬಾಗಿಲಿಗೆ ಎಷ್ಟು ಮೀಟರು ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ.

ಸಮಿತಿ ಮೂರು ತಂತ್ರಜ್ಞಾನಗಳನ್ನು ಪರಿಶೀಲಿಸಿತು.

ಮೊದಲನೆಯದು ಎದೆಗೆ ಕಟ್ಟುವ ಪಟ್ಟಿ. ಸೇವಾ ಹಿರಿತನದ ಪ್ರಕಾರ ಅದನ್ನು ಮೊದಲು ಉಪನಿರ್ದೇಶಕರಿಗೆ ಕಟ್ಟಲಾಯಿತು. ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರೂ ತೊಂಬತ್ತೆರಡು ತೋರಿಸಿತು. ಆಮೇಲೆ ಬೆರಳಚ್ಚುಗಾರ್ತಿಗೆ ಕಟ್ಟಿದರು, ಅರವತ್ತೊಂದು.

“ಇದು ಜಾಸ್ತಿ ಇದ್ರೆ ಒಳ್ಳೇದೋ, ಕಮ್ಮಿ ಇದ್ರೆ ಒಳ್ಳೇದೋ?” ಎಂದು ಉಪನಿರ್ದೇಶಕರು ಕೇಳಿದರು.

ಮಾರಲು ಬಂದಿದ್ದವನು ಅನುಭವಸ್ಥ. “ಹುದ್ದೆ ನೋಡ್ಕೊಂಡು ಹೇಳ್ಬೇಕು ಸರ್,” ಎಂದ.

ಅಷ್ಟು ಹೊತ್ತಿಗೆ ಪಟ್ಟಿ ಸರಪಳಿ ಮಾವನ ಎದೆಯಲ್ಲಿ ಎಪ್ಪತ್ತು ತೋರಿಸಿತ್ತು. ಪಟ್ಟಿ ತಿರಸ್ಕೃತವಾಯಿತು. ‘ಅಧಿಕಾರಿಗಳ ಎದೆಯಲ್ಲಿ ಏನಿದೆ ಎಂಬುದು ಅಧೀನ ಸಿಬ್ಬಂದಿಗೆ ತಿಳಿಯುವುದು ಶಿಸ್ತಿಗೆ ಮಾರಕ’ ಎಂದು ಟಿಪ್ಪಣಿ ಬರೆದರು.

ಎರಡನೆಯದು ಪೆಡಲಿಗೆ ಅಂಟಿಸುವ ಬಿಲ್ಲೆ. ಮಾರುವವನೇ ಹತ್ತಿ ಇಪ್ಪತ್ತು ನಿಮಿಷ ತುಳಿದು, ಏದುಸಿರು ಬಿಡುತ್ತ ಅಂಕಿ ತೋರಿಸಿದ. ಏಳು ಕಿಲೋಮೀಟರು ಇನ್ನೂರು ಮೀಟರು. ಸರಪಳಿ ಮಾವ ಬೀರುವಿನಿಂದ ಸರಪಳಿ ತೆಗೆದು, ತುಳಿಯುವ ಮೊದಲೇ ನೆಲದ ಮೇಲೆ ಎಳೆದಿದ್ದ ಸೀಮೆಸುಣ್ಣದ ಗೆರೆಯಿಂದ ಸೈಕಲ್ಲಿನ ಮುಂಗಾಲಿನವರೆಗೆ ಅಳೆದರು.

“ಸೊನ್ನೆ,” ಎಂದರು.

“ಸರ್, ಇದು ತುಳಿದ ದೂರ...”

“ವ್ಯತ್ಯಾಸ ಏಳು ಕಿಲೋಮೀಟರು ಇನ್ನೂರು ಮೀಟರು. ನಮ್ಮ ಇಲಾಖೇಲಿ ಐದು ಸೆಂಟಿಮೀಟರ್ ಬಿಡ್ತೀವಿ. ನೀವು ಸ್ವಲ್ಪ ಜಾಸ್ತಿ ಹೋಗಿದ್ದೀರಿ.”

ಹೀಗೆ ಐದು ವಾರ ಕಳೆಯಿತು. ನಕ್ಷೆಯಮ್ಮ ಪ್ರತಿ ಮಹಡಿಯ ತಿರುವಿನಲ್ಲೂ ಒಂದು ಕುರ್ಚಿ ಹಾಕಿಸಿಕೊಂಡು, ಕೂತು ಕೂತು ಮೇಲೆ ಹೋಗುತ್ತಿದ್ದರು. ನೋಡಲಾರದೆ ಉಪನಿರ್ದೇಶಕರು ಕರೆದರು.

“ಯಾಕಮ್ಮ ಈ ಪಾಡು? ಟಪಾಲು ವಿಭಾಗಕ್ಕೆ ಬಂದ್ಬಿಡಿ. ಕೆಳಗೇ ಕೂತು ಚೀಟಿ ಅಂಟಿಸಿಕೊಂಡು ಹಾಯಾಗಿರಬಹುದು. ಆರ್ಡರ್ ಮಾಡಿಸ್ತೀನಿ.”

“ನಕ್ಷೆಗಳು ಸರ್?”

“ಯಾರನ್ನಾದ್ರೂ ಹಾಕೋಣ.”

ಆ ಯಾರಾದರೊಬ್ಬರು ಹೋದ ವರ್ಷ ಆಕೆ ರಜೆಯಲ್ಲಿದ್ದಾಗ ಬಂದಿದ್ದರು. ನೂರು ವರ್ಷದ ನಕ್ಷೆಯೊಂದನ್ನು ಕರವಸ್ತ್ರದಂತೆ ನಾಲ್ಕು ಮಡಿಕೆ ಮಾಡಿಟ್ಟಿದ್ದರು. ಮಡಿಕೆ ಬಿದ್ದಲ್ಲಿ ಒಂದಿಡೀ ಹಳ್ಳಿ ಉದುರಿಹೋಗಿತ್ತು.

ಆಕೆಯ ಗಂಡನದು ಗಡಿಯಾರ ರಿಪೇರಿಯ ಅಂಗಡಿ. ಆ ಸಂಜೆ ಅವರು ಒಂದು ಸ್ಟಾಪ್‌ವಾಚನ್ನು ಒರೆಸಿ ಮುಂದಿಟ್ಟರು. “ಇದನ್ನ ಇಟ್ಕೊಂಡು ತುಳಿ. ನಾಡಿ ಹಿಡ್ಕೊಂಡು ಎಣಿಸು. ಆಯ್ತಲ್ಲ?”

“ಅದಕ್ಕೆ ಮಾನ್ಯತೆ ಇಲ್ಲ,” ಎಂದರು ನಕ್ಷೆಯಮ್ಮ. ಹೇಳಿದ ಮೇಲೆ ತಮ್ಮ ಬಾಯಿಂದಲೇ ಈ ಮಾತು ಬಂತಲ್ಲ ಎಂದು ಗಡಿಯಾರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

ಮೂರನೆಯ ತಂತ್ರಜ್ಞಾನ ಬಂದದ್ದು ಆರನೇ ವಾರ. ಸೈಕಲ್ಲಿನ ಮುಂದೆ ಒಂದು ಪರದೆ. ತುಳಿದರೆ ಪರದೆಯಲ್ಲಿ ರಸ್ತೆ ಸಾಗುತ್ತದೆ. ಏರು ಬಂದರೆ ಪೆಡಲು ಬಿಗಿಯಾಗುತ್ತದೆ. ಹಿಡಿಯನ್ನು ಹಿಡಿದ ಅಂಗೈಯಿಂದಲೇ ಎದೆಬಡಿತವನ್ನು ಗುಟ್ಟಾಗಿ ಓದಿ, ತುಳಿಯುವವರಿಗೆ ಮಾತ್ರ ತೋರಿಸುತ್ತದೆ. ಹೆಂಗಸಿನ ದನಿಯೊಂದು ‘ನಿಧಾನ, ಉಸಿರು ಬಿಡಿ’ ಎಂದು ದಾರಿ ಹೇಳುತ್ತದೆ. ಯಾರು ಎಲ್ಲಿಗೆ ನಿಲ್ಲಿಸಿದರು ಎಂಬುದನ್ನು ಹೆಸರು ಹೆಸರಾಗಿ ನೆನಪಿಟ್ಟುಕೊಂಡು, ಮರುದಿನ ಅಲ್ಲಿಂದಲೇ ಮುಂದೆ ಕರೆದೊಯ್ಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆಯ ಬದಿಯಲ್ಲಿ ಕಿಲೋಮೀಟರ್ ಕಲ್ಲುಗಳಿದ್ದವು.

ಸರಪಳಿ ಮಾವ ಪರದೆಯ ಹತ್ತಿರ ಮೂಗು ತಂದು ಕಲ್ಲುಗಳನ್ನು ನೋಡಿದರು. “ಇದಪ್ಪ ರಸ್ತೆ ಅಂದ್ರೆ. ಶುರು ಇದೆ, ಕೊನೆ ಇದೆ.” ಮೂರನೆಯದು ಸರ್ವಾನುಮತದಿಂದ ಆಯ್ಕೆಯಾಯಿತು.

ಮೊದಲ ದಿನ ನಕ್ಷೆಯಮ್ಮ ಇಪ್ಪತ್ತು ನಿಮಿಷ ತುಳಿದು, ಆರನೇ ಕಲ್ಲಿನ ಹತ್ತಿರ ನಿಲ್ಲಿಸಿ ಇಳಿದರು. ಮಂಡಿ ಬೆಚ್ಚಗಾಗಿತ್ತು, ನೋವು ಕಡಿಮೆಯೇ ಅನಿಸಿತು. ಮೆಟ್ಟಿಲ ಕಡೆ ಹೊರಟವರನ್ನು ಸರಪಳಿ ಮಾವ ತಡೆದರು.

“ಎಲ್ಲಿಗೆ?”

“ಮೇಲಕ್ಕೆ. ಕೆಲಸಕ್ಕೆ.”

“ಅದು ಹೇಗಾಗತ್ತೆ? ನೀವು ಆರನೇ ಕಲ್ಲಿನ ಹತ್ರ ಇದ್ದೀರಿ. ಸಮಿತಿ ಒಪ್ಪಿದ ಅಳತೆ ಅದು. ಕಚೇರೀಲಿ ಇರಬೇಕಂದ್ರೆ ಆರು ಕಿಲೋಮೀಟರ್ ವಾಪಸ್ ತುಳೀಬೇಕು.”

“ಡಾಕ್ಟರು ಇಪ್ಪತ್ತೇ ನಿಮಿಷ ಅಂದಿದ್ದಾರೆ ಮಾವ.”

ವಿಷಯ ಉಪನಿರ್ದೇಶಕರ ಬಳಿಗೆ ಹೋಯಿತು. ಅವರು ಯಾರ ಮನಸ್ಸನ್ನೂ ನೋಯಿಸದೆ, ಹಾಜರಿ ಪುಸ್ತಕದಲ್ಲಿ ‘ಪ್ರವಾಸದಲ್ಲಿದ್ದಾರೆ’ ಎಂದು ಬರೆಯಿಸಿದರು. ಮರುದಿನ ಹನ್ನೆರಡನೇ ಕಲ್ಲು, ಅದರ ಮರುದಿನ ಹದಿನೆಂಟು. ನಕ್ಷೆಯಮ್ಮ ದಿನಕ್ಕೆ ಆರು ಕಿಲೋಮೀಟರಿನಂತೆ ಕಚೇರಿಯಿಂದ ದೂರವಾಗುತ್ತ, ಅರವತ್ತೊಂದು ಮೆಟ್ಟಿಲು ಹತ್ತಿ ಕೆಲಸ ಮಾಡುತ್ತಿದ್ದರು.

ಒಂದು ದಿನ ಪಕ್ಕದ ಮನೆಯವರ ಜೊತೆ ಕಾಂಪೌಂಡ್ ಗೋಡೆಯ ಜಗಳವಿದ್ದ ಒಬ್ಬರು ಗಡಿ ನಕ್ಷೆ ಹುಡುಕಿಕೊಂಡು ಮೇಲೆ ಬಂದರು. ಬಾಗಿಲಲ್ಲಿದ್ದ ಜವಾನ ಹೇಳಿದ: “ಮೇಡಂ ಪ್ರವಾಸದಲ್ಲಿದ್ದಾರೆ. ಐವತ್ನಾಲ್ಕನೇ ಕಲ್ಲು ದಾಟಿದ್ದಾರೆ.”

“ಅಲ್ಲಿ ಕೂತಿರೋರು ಅವರೇ ಅಲ್ವಾ?”

“ಅವರೇ. ಆದ್ರೆ ಇಲ್ಲಿಲ್ಲ.”

ನಕ್ಷೆಯಮ್ಮನಿಗೆ ಮನಸ್ಸು ತಡೆಯಲಿಲ್ಲ. ಡ್ರಾಯರ್ ಎಳೆದು ನಕ್ಷೆ ಹಾಸಿದರು. “ನಾನಿಲ್ಲ ಅಂದ್ಕೊಂಡು ನೋಡ್ಕೊಳ್ಳಿ.” ಆತ ನೋಡಿಕೊಂಡು, ಖಾಲಿ ಗೋಡೆಗೆ ಕೈಮುಗಿದು ಹೋದರು.

ಮನೆಯಲ್ಲೂ ಸುದ್ದಿ ತಿಳಿದಿತ್ತು. ಊಟವಾದ ಮೇಲೆ ಆಕೆ ತಟ್ಟೆ ಎತ್ತಲು ಹೋದರೆ ಗಂಡ ಕೈಯಿಂದ ಕಿತ್ತುಕೊಂಡರು. “ಪ್ರವಾಸದಲ್ಲಿರೋರು ಮನೇಲಿ ಪಾತ್ರೆ ತೊಳಿಯೋ ಹಾಗಿಲ್ಲ. ಇವತ್ತು ಎಲ್ಲೀವರೆಗೆ ಬಂದೆ?”

“ಒಂದು ಸೇತುವೆ ದಾಟಿದೆ. ಆಚೆ ಬರೀ ಹುಲ್ಲುಗಾವಲು,” ಎಂದರು ಆಕೆ. ಇಬ್ಬರೂ ಅದರ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅವರಿಬ್ಬರೂ ಊರು ಬಿಟ್ಟು ಎಲ್ಲಿಗಾದರೂ ಹೋಗಿ ಹನ್ನೊಂದು ವರ್ಷವಾಗಿತ್ತು.

ತುಳಿಯತೊಡಗಿದ ಮೂರನೇ ವಾರಕ್ಕೆ ಟಪಾಲು ವಿಭಾಗಕ್ಕೆ ವರ್ಗ ಮಾಡಿದ ಆದೇಶ ಸಹಿಯಾಗಿ ಬಂತು. ಜವಾನ ಅದನ್ನು ಹಿಡಿದು ಮೂರನೇ ಮಹಡಿಗೆ ಹೋಗಿ, ಹಾಗೇ ವಾಪಸು ಬಂದ. ಆದೇಶವನ್ನು ನೌಕರರು ಇರುವ ಸ್ಥಳದಲ್ಲೇ ಕೈಗೆ ಕೊಡಬೇಕೆಂಬ ನಿಯಮವಿತ್ತು. ನಕ್ಷೆಯಮ್ಮ ಇದ್ದದ್ದು ನೂರ ಎಂಟನೇ ಕಲ್ಲಿನ ಹತ್ತಿರ. ಜವಾನನನ್ನೇ ಸೈಕಲ್ಲು ಹತ್ತಿಸಿ ಕಳಿಸಿದರು. ನಾಲ್ಕನೇ ಕಲ್ಲಿಗೆ ಅವನ ಉಸಿರು ಬಾಯಿಗೆ ಬಂತು. ‘ಹುಡುಕಿದರೂ ಸಿಗಲಿಲ್ಲ’ ಎಂದು ಬರೆದುಕೊಟ್ಟು ಇಳಿದ.

“ನಾನು ಹೋಗ್ತೀನಿ,” ಎಂದರು ಸರಪಳಿ ಮಾವ. “ದಾರಿ ನಡೆದು ಗೊತ್ತಿರೋನು ನಾನೊಬ್ನೇ.”

ಆದೇಶವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಪ್ಯಾಂಟಿನ ಅಂಚು ಕಾಲುಚೀಲಕ್ಕೆ ಸಿಕ್ಕಿಸಿಕೊಂಡು ಹೊರಟರು. ಬೆಳಿಗ್ಗೆ ಅವರು, ಮಧ್ಯಾಹ್ನ ನಕ್ಷೆಯಮ್ಮ. ನಡುವೆ ವರಾಂಡದಲ್ಲಿ ಭೇಟಿಯಾದರೆ ಮಾತಾಡುತ್ತಿದ್ದರು.

“ಎಲ್ಲಿದ್ದೀರಿ ಮಾವ?”

“ಇಪ್ಪತ್ತೇಳು. ನೀವು?”

“ನೂರ ಮೂವತ್ತೆರಡು.”

“ಬಂದೇ ಬರ್ತೀನಿ, ಬಿಡಲ್ಲ,” ಎನ್ನುತ್ತಿದ್ದರು. ಅವರಿಬ್ಬರ ನಡುವಿದ್ದ ದೂರ ಆಗ ಮೂರು ಹೆಜ್ಜೆ. ಜೇಬಿನಲ್ಲಿದ್ದ ಆದೇಶದ ತುದಿ ಆಕೆಗೆ ಕಾಣುತ್ತಿತ್ತು. ನಿಯಮ ಮುರಿಯುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಮೊದಮೊದಲು ದಿನಕ್ಕೆ ಒಂಬತ್ತು ಕಿಲೋಮೀಟರು ಹೊಡೆಯುತ್ತಿದ್ದ ಮಾವ ಆಮೇಲೆ ಏಳಕ್ಕೆ ಬಂದರು, ನಾಲ್ಕಕ್ಕೆ ಬಂದರು. ತೊಂಬತ್ತಾರನೇ ಕಲ್ಲಿನ ಹತ್ತಿರ ರಸ್ತೆ ಒಂದು ಸರೋವರದ ದಂಡೆಗೆ ಇಳಿಯುತ್ತದೆ. ಅಲ್ಲಿ ಅವರು ಪೆಡಲು ನಿಲ್ಲಿಸಿದರು. ಅಲ್ಲೇ ಕೂತರು. ಮರುದಿನವೂ ಬಂದು ಸೀಟಿನ ಮೇಲೆ ಕೂತು, ತುಳಿಯದೆ, ಅರ್ಧ ಗಂಟೆ ನೀರು ನೋಡಿ ಇಳಿದುಹೋದರು. ‘ಮುಂದೆ ಸಾಗಿ’ ಎಂದು ಪರದೆಯ ಹೆಂಗಸು ಹೇಳಿದಾಗ, “ಇರಮ್ಮ, ಏನು ಅವಸರ,” ಎಂದರಂತೆ. ಪ್ರಗತಿ ವರದಿಯಲ್ಲಿ ಹೀಗೆ ಬರೆದರು: ‘ಬೆನ್ನಟ್ಟುವಿಕೆ ಜಾರಿಯಲ್ಲಿದೆ. ನೀರು ತಿಳಿಯಾಗಿದೆ.’

ಎಂಟು ವಾರ ತುಂಬಿದ ದಿನ ನಕ್ಷೆಯಮ್ಮ ಇನ್ನೂರ ಎಂಬತ್ತೆಂಟನೇ ಕಲ್ಲಿನಲ್ಲಿದ್ದರು. ಡಾಕ್ಟರಮ್ಮ ದಾಖಲೆ ನೋಡಿ, ಮಂಡಿ ಒತ್ತಿ, ಬಾಯಿತುಂಬ ನಕ್ಕರು. “ಆಪರೇಷನ್ ಮಾತು ಮರೆತುಬಿಡಿ. ಇನ್ನು ತುಳಿಯದಿದ್ರೂ ಪರವಾಗಿಲ್ಲ, ಓಡಾಡ್ತಾ ಇದ್ರೆ ಸಾಕು.”

ಆಕೆ ಒಂದೇ ಉಸಿರಿಗೆ ಮೂರು ಮಹಡಿ ಹತ್ತಿದರು. ಕುರ್ಚಿಗಳನ್ನು ತೆಗೆಸಿದರು. ಆಮೇಲೆ ಉಪನಿರ್ದೇಶಕರ ಬಳಿ ಹೋಗಿ, ಮಂಡಿ ಸರಿಯಾಗಿದೆ, ವರ್ಗದ ಆದೇಶ ರದ್ದು ಮಾಡಿ ಎಂದು ಕೇಳಿದರು.

“ಸಂತೋಷ ಅಮ್ಮ, ತುಂಬ ಸಂತೋಷ. ಆದ್ರೆ ತಲುಪದ ಆದೇಶನ ಹಿಂದಕ್ಕೆ ತಗೊಳ್ಳೋಕೆ ಬರಲ್ಲ. ಮೊದಲು ತಲುಪಬೇಕು. ತಲುಪಿದ್ರೆ ಜಾರಿಯಾಗತ್ತೆ, ಜಾರಿಯಾದದ್ದನ್ನ ರದ್ದು ಮಾಡೋ ಅಧಿಕಾರ ನನಗಿಲ್ಲ.”

“ತಲುಪದೇ ಇದ್ರೆ?”

ಉಪನಿರ್ದೇಶಕರು ನಿಯಮಗಳ ಪುಸ್ತಕ ತಿರುವಿ ನೋಡಿದರು. “ತಲುಪದೇ ಇದ್ರೆ, ನೀವು ಈಗಿರೋ ಹಾಗೇ ಇರ್ತೀರಿ.”

“ಹಾಗಾದ್ರೆ ನಾನು ಅಲ್ಲೇ ಇರ್ತೀನಿ ಸರ್,” ಎಂದರು ನಕ್ಷೆಯಮ್ಮ.

ಆ ವಾರವೇ ಪ್ರಕಟಣೆ ಹೊರಬಿತ್ತು. ‘ನಕ್ಷೆ ವಿಭಾಗದ ಶಿಬಿರ ಕಚೇರಿಯು ಇನ್ನೂರ ಎಂಬತ್ತೆಂಟನೇ ಕಲ್ಲಿನಲ್ಲಿ ಆರಂಭಗೊಂಡಿದೆ. ಸಾರ್ವಜನಿಕರು ಮೂರನೇ ಮಹಡಿಯ ಮೂಲಕ ಸಂಪರ್ಕಿಸತಕ್ಕದ್ದು.’ ಸಾರ್ವಜನಿಕರು ಸಂಪರ್ಕಿಸಿದರು. ಸರಪಳಿ ಮಾವ ಬೆನ್ನಟ್ಟುವಿಕೆಯ ಅವಧಿಯನ್ನು ನಿವೃತ್ತಿಯವರೆಗೆ ವಿಸ್ತರಿಸಬೇಕೆಂದು ಸರೋವರದ ದಂಡೆಯಿಂದ ಕೋರಿದರು. ಮಂಜೂರಾಯಿತು.

ತಿಂಗಳೊಪ್ಪತ್ತಿನಲ್ಲಿ ಉಪನಿರ್ದೇಶಕರಿಗೆ ತುರ್ತಾಗಿ ಒಂದು ನಕ್ಷೆ ಬೇಕಾಯಿತು. ಕಾನೂನಿನ ಪ್ರಕಾರ ಮೂಲ ನಕ್ಷೆಯನ್ನು ಶಿಬಿರ ಕಚೇರಿಯಿಂದ ಹೊರಗೆ ತರುವಂತಿಲ್ಲ, ಅಧಿಕಾರಿಯೇ ಹೋಗಿ ನೋಡಬೇಕು. ಸೋಮವಾರ ಬೆಳಿಗ್ಗೆ ಅವರು ಕೋಟು ಕಳಚಿ ಜವಾನನ ಕೈಗೆ ಕೊಟ್ಟು, ಸೈಕಲ್ಲು ಹತ್ತಿದರು. ‘ಮುಂದೆ ಏರು ಇದೆ, ಧೈರ್ಯವಾಗಿರಿ,’ ಎಂದಿತು ಪರದೆಯ ದನಿ. ಸಾಹೇಬರು ಯಾವಾಗ ಸಿಗುತ್ತಾರೆಂದು ಕೇಳಿದವರಿಗೆಲ್ಲ ಹತ್ತು ವಾರ ಎಂದು ತಿಳಿಸಲಾಯಿತು. ಜನ ತಲೆಯಾಡಿಸಿ, ವರಾಂಡದ ಬೆಂಚಿನಲ್ಲಿ ಒಬ್ಬರಿಗೊಬ್ಬರು ಜಾಗ ಮಾಡಿಕೊಟ್ಟು ಕೂತರು.

ಸುದ್ದಿ ತಿಳಿದ ನಕ್ಷೆಯಮ್ಮ ಮೇಜಿನ ಧೂಳು ಹೊಡೆದರು. ಬೇಕಾದ ನಕ್ಷೆ ತೆಗೆದು, ನಾಲ್ಕು ಮೂಲೆಗೂ ಭಾರ ಇಟ್ಟು ಹಾಸಿದರು. ನಂತರ ಮೆಟ್ಟಿಲ ಬಳಿ ಬಂದು, ಕೆಳಗೆ ಬಗ್ಗಿ ಕೂಗಿದರು:

“ಸರ್, ಸೇತುವೆ ದಾಟಿದ ಮೇಲೆ ಎಡಕ್ಕೇ ಇರಿ. ಬಲಗಡೆ ರಸ್ತೆ ತುಂಬ ಹಳ್ಳ ಇದೆ.”

“ಆಯ್ತಮ್ಮ,” ಎಂದು ಕೆಳಗಿನಿಂದ ಏದುಸಿರಿನ ದನಿ ಬಂತು.