ಅತ್ತೆಯವರನ್ನು ಹತ್ತಿಸಿಕೊಳ್ಳಲು ಏಳು ನಿಮಿಷ

ನನಗೂ ನನ್ನ ಹೆಂಡತಿಯ ತಾಯಿಗೂ ನಾಲ್ಕು ವರ್ಷ ಮಾತಿರಲಿಲ್ಲ. ಹೀಗೆಂದ ಕೂಡಲೇ ನೀವು ಆಸ್ತಿ, ಕೋರ್ಟು, ಪಂಚಾಯಿತಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಜಗಳವಾಡಬೇಕೆಂದರೂ ಮಾತು ಬೇಕಲ್ಲ. ನಮ್ಮಲ್ಲಿ ಅದೂ ಇರಲಿಲ್ಲ. ಹಬ್ಬಕ್ಕೆ ನಾನು ಹಡಗಲಿಗೆ ಹೋಗುತ್ತಿದ್ದೆ, ಅವರು ಹೋಳಿಗೆ ಬಡಿಸುತ್ತಿದ್ದರು, ನಾನು ತಿನ್ನುತ್ತಿದ್ದೆ. ಎಲ್ಲವೂ ಸಾಂಗವಾಗಿ ನಡೆಯುತ್ತಿತ್ತು. ಮಾತು ಮಾತ್ರ ನನ್ನ ಹೆಂಡತಿ ಗಿರಿಜೆಯ ಮೂಲಕ ಸಾಗಬೇಕಿತ್ತು. ಒಂದೇ ಪಡಸಾಲೆಯಲ್ಲಿ ಮೂರು ಮೊಳ ದೂರದಲ್ಲಿ ಕೂತು, "ಏ ಗಿರಿಜಾ, ಚಾಕ್ಕ ಸಕ್ಕರಿ ಎಷ್ಟು ಹಾಕ್ಲಿ ಅಂತ ಕೇಳು" ಎಂದು ಅವರು, "ಅರ್ಧ ಚಮಚ ಸಾಕು ಅಂತ ಹೇಳು" ಎಂದು ನಾನು. ಗಿರಿಜೆ ಮನೆಯಲ್ಲಿ ಇಲ್ಲದಿದ್ದರೆ ಅತ್ತೆಯವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, "ಊಟಕ್ಕ ಏಳಬೇಕಂತ" ಎನ್ನುತ್ತಿದ್ದರು. ನಾನು ಕೊಟ್ಟೂರಿನ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಕರ್ತೃವೇ ಇಲ್ಲದ ವಾಕ್ಯವನ್ನು ಇಷ್ಟು ಸಲೀಸಾಗಿ ಆಡುವವರನ್ನು ನನ್ನ ಇಲಾಖೆಯಲ್ಲೂ ಕಂಡಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಕಾರು. ಯಾರೋ ಆರು ವರ್ಷ ಓಡಿಸಿ ಬಿಟ್ಟಿದ್ದ ಆ ಕಾರನ್ನು ಕೊಂಡು, ಕಲಿತು ಹದಿನೈದು ದಿನವೂ ಆಗದ ಹುಮ್ಮಸ್ಸಿನಲ್ಲಿ, ಗಿರಿಜೆಯನ್ನೂ ಕೂರಿಸಿಕೊಂಡು, ಅತ್ತೆಯವರನ್ನು ಕೊಟ್ಟೂರಿಗೆ ಕರೆತರಲು ಹಡಗಲಿಗೆ ಹೋಗಿದ್ದೆ. ಅವರಿಗೆ ಊರ ಹೊರಗೆ ಒಂದೆಕರೆ ಮಲ್ಲಿಗೆ ತೋಟವಿದೆ. ಬೆಳಿಗ್ಗೆ ಹೂ ಬಿಡಿಸಿ, ಬುಟ್ಟಿಗೆ ತುಂಬಿ, ಒದ್ದೆ ಬಟ್ಟೆ ಹೊದಿಸಿ ಮನೆ ಮುಂದೆ ಇಟ್ಟಿದ್ದರು. ನಾನು ಕಾರನ್ನು ಹಿಂದಕ್ಕೆ ತೆಗೆದೆ. ಎರಡು ಬುಟ್ಟಿ ಮಲ್ಲಿಗೆಯ ಮೇಲೆ ಕಾರು ಹಾದಾಗ ಸದ್ದೇ ಆಗುವುದಿಲ್ಲ. ಬರೀ ಘಮ್ಮೆನ್ನುತ್ತದೆ. ಓಣಿಯವರೆಲ್ಲ ಸೇರಿದರು. ಅತ್ತೆಯವರು ಅವರ ಮುಂದೆಯೇ, "ಏ ಗಿರಿಜಾ, ಸರ್ಕಾರದೋರು ಇವರಿಗೆ ಯಾವ ಲೆಕ್ಕದಾಗ ಲೈಸೆನ್ಸ್ ಕೊಟ್ರಬೇ?" ಎಂದರು. ಓಣಿ ನಕ್ಕಿತು. ನನಗೆ ಕಿವಿಯವರೆಗೆ ಬಿಸಿಯೇರಿತು. "ಅಷ್ಟು ಅಂಜಿಕಿ ಇದ್ದೋರು ಬಸ್ಸಿಗೆ ಬರಬಹುದು ಅಂತ ಹೇಳು" ಎಂದುಬಿಟ್ಟೆ. ಅತ್ತೆಯವರು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಅಂದಿನಿಂದ ಅವರು ನನ್ನ ಕಾರು ಹತ್ತಲಿಲ್ಲ, ನಾನು ಅವರಿಗೆ ಹತ್ತಿರಿ ಎನ್ನಲೂ ಇಲ್ಲ.

ಹೀಗಿರುವಾಗ ಅತ್ತೆಯವರು ತಮ್ಮ ಜೊತೆ ಹೂ ಮಾರುವ ನಾಲ್ವರು ಹೆಂಗಸರೊಂದಿಗೆ ಕಾಶಿಗೆ ಹೊರಟರು. ಹೋಗುವುದು ರೈಲಿನಲ್ಲಿ, ಬರುವುದು ವಿಮಾನದಲ್ಲಿ. ಉಳಿದ ನಾಲ್ವರು ವಿಮಾನ ಇಳಿದ ಊರಿನಲ್ಲೇ ಒಬ್ಬಾಕೆಯ ಮಗಳ ಮನೆಯಲ್ಲಿ ಎರಡು ದಿನ ಇದ್ದು ಬರುತ್ತಾರಂತೆ. ಅತ್ತೆಯವರಿಗೆ ತೋಟ ಬಿಟ್ಟು ಅಷ್ಟು ದಿನ ಇರಲಾಗದು, ನೇರ ಮನೆಗೇ ಬರಬೇಕು, ಅದಕ್ಕೆ ನನ್ನ ಕಾರೇ ಗತಿ. ಗಿರಿಜೆ ನಾನೂ ಬರುತ್ತೇನೆ ಎಂದಿದ್ದಳು. ಹೊರಡುವ ಹಿಂದಿನ ದಿನ ಬಚ್ಚಲಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, "ನೀವೊಬ್ರ ಹೋಗ್ರಿ" ಎಂದಳು.

"ನಾನೊಬ್ಬನ? ಅಲ್ಲಿ ಮಾತಾಡೋರು ಯಾರು?"

"ಫೋನ್ ಐತಲ್ರಿ. ನೀವು ನನಗ ಹೇಳ್ರಿ, ನಾ ಅವ್ವಗ ಹೇಳ್ತೀನಿ."

ಶಾಲೆಯಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ಒಮ್ಮೆ ವಿಮಾನ ನಿಲ್ದಾಣ ನೋಡಿ ಬಂದವರು. ಅವರನ್ನು ವಿಚಾರಿಸಿದೆ. "ಅಲ್ಲಿ ಇಳಿಸಾಕ ಒಂದು ದಾರಿ, ಹತ್ತಿಸಾಕ ಒಂದು ದಾರಿ ಐತ್ರಿ ಸರ. ಇಳಿಸೋ ದಾರ್ಯಾಗ ಹತ್ತಿಸಂಗಿಲ್ಲ. ಹತ್ತಿಸೋ ದಾರ್ಯಾಗ ನಿಂದ್ರಂಗಿಲ್ಲ" ಎಂದರು. "ನಿಂದರದ ಹತ್ತಿಸೋದು ಹೆಂಗ್ರಿ?" ಎಂದೆ. "ಅದಕ್ಕ ನೋಡ್ರಿ, ಅದನ್ನ ದೊಡ್ಡ ಊರು ಅನ್ನೋದು" ಎಂದು ಸೀಟಿ ಊದುತ್ತ ಮೈದಾನಕ್ಕೆ ಹೋದರು. ನಮ್ಮ ಗುಡೇಕೋಟೆ ಬಸ್ಸು, ಹೋಟೆಲಿನಲ್ಲಿ ಒಬ್ಬ ಯಜಮಾನರು ಅರ್ಧ ಚಹಾ ಉಳಿಸಿಕೊಂಡಿದ್ದಾರೆಂದು ಕಾಯುವುದನ್ನು ಕಂಡು ಬೆಳೆದವನು ನಾನು. ನನಗಿದು ಅರ್ಥವಾಗಲಿಲ್ಲ.

ಬೆಳಗಿನ ಐದಕ್ಕೆ ಕೊಟ್ಟೂರು ಬಿಟ್ಟೆ. ಕೂಡ್ಲಿಗಿ ದಾಟಿ ಹೆದ್ದಾರಿಗೆ ಬಿದ್ದೆ. ಅದು ಯಾವ ಊರಿನ ವಿಮಾನ ನಿಲ್ದಾಣವೆಂದು ನಾನು ಹೇಳುವುದಿಲ್ಲ. ಮತ್ತೊಮ್ಮೆ ಅಲ್ಲಿಗೆ ಹೋಗುವ ಪ್ರಸಂಗ ಬಂದರೆ ಕಷ್ಟ. ಮಧ್ಯಾಹ್ನ ಹನ್ನೆರಡೂವರೆಗೆ ತಲುಪಿದೆ. ಬಾಗಿಲಿನಲ್ಲೇ ಒಂದು ಯಂತ್ರ ಸಮಯ ಮುದ್ರಿಸಿದ ಚೀಟಿಯನ್ನು ನಾಲಗೆಯಂತೆ ಹೊರಚಾಚಿತು. ಪಕ್ಕದಲ್ಲಿ ಬೋರ್ಡು: ಏಳು ನಿಮಿಷ ಪುಕ್ಕಟೆ, ಆಮೇಲೆ ಶುಲ್ಕ, ಅದಕ್ಕೂ ಆಮೇಲೆ ದೊಡ್ಡ ಶುಲ್ಕ. ಚಾಲಕ ಸೀಟು ಬಿಟ್ಟು ಇಳಿಯಕೂಡದು. ಇಳಿದರೆ ಗಾಡಿಗೆ ಬೀಗ. ದೂರದಲ್ಲಿ ದುಡ್ಡು ಕೊಟ್ಟು ನಿಲ್ಲಿಸುವ ಜಾಗವೂ ಇತ್ತು. ತಿಳಿವಳಿಕೆ ಇದ್ದವರು ಅಲ್ಲಿಗೆ ಹೋಗುತ್ತಿದ್ದರು. ಪುಕ್ಕಟೆ ಎಂದು ಕಣ್ಣೆದುರೇ ಬರೆದಿರುವಾಗ ದುಡ್ಡು ಕೊಡುವುದು ನನ್ನ ರಕ್ತದಲ್ಲಿಲ್ಲ. ಸೀದಾ ಹತ್ತಿಸುವ ದಾರಿಗೇ ನುಗ್ಗಿದೆ.

ಗಿರಿಜೆಗೆ ಫೋನ್ ಮಾಡಿದೆ. "ಬಂದೀನಿ ಅಂತ ಹೇಳು. ಅವರು ಎಲ್ಲಿ ಅದಾರ ಕೇಳು." ಅವಳು ಅವ್ವನಿಗೆ ಮಾಡಿ ನನಗೆ ವಾಪಸ್ ಮಾಡುವಷ್ಟರಲ್ಲಿ ಎರಡೂವರೆ ನಿಮಿಷ. "ಪೆಟ್ಟಿಗಿ ಇನ್ನೂ ಬಂದಿಲ್ಲಂತ್ರಿ. ರಬ್ಬರ್ ಪಟ್ಟಿ ಮ್ಯಾಲೆ ಎಲ್ಲಾರ ಪೆಟ್ಟಿಗಿ ತಿರಗಾಕ ಹತ್ಯಾವಂತ, ಅವ್ವಂದು ಒಂದ ಇಲ್ಲಂತ." ನಾನು ಕೇಳಿದೆ, "ಎಷ್ಟೊತ್ತು ಆಗ್ತೈತಂತ?" ಮತ್ತೆ ಅತ್ತ ಒಂದು ಫೋನು, ಇತ್ತ ಒಂದು ಫೋನು. "ಅದನ್ನ ಅವ್ವ ಹೆಂಗ ಹೇಳ್ತಾಳ್ರಿ, ಪೆಟ್ಟಿಗಿನ ಕೇಳಬೇಕು." ಅಷ್ಟರಲ್ಲಿ ನೀಲಿ ಅಂಗಿಯ ಕಾವಲುಗಾರನೊಬ್ಬ ಬಂದು ಕಾರಿನ ಮಂಡೆ ತಟ್ಟಿದ. "ಸಾರ್, ಟೈಮಾಯ್ತು. ಮುಂದೆ ಹೋಗಿ, ಸುತ್ತು ಹಾಕ್ಕೊಂಡು ಬನ್ನಿ."

ಆ ಸುತ್ತು ಎಂಥದೆಂದರೆ, ಒಂದು ಮೇಲ್ಸೇತುವೆ ಹತ್ತಿ, ಎರಡು ವೃತ್ತ ಬಳಸಿ, ಇನ್ನೇನು ಊರಿಗೇ ವಾಪಸ್ ಹೊರಟೆ ಎನ್ನಿಸುವ ಹೊತ್ತಿಗೆ ಮತ್ತೆ ಅದೇ ಯಂತ್ರದ ಮುಂದೆ ತಂದು ನಿಲ್ಲಿಸುತ್ತದೆ. ಎರಡನೇ ಚೀಟಿ ಬಂತು. ಈ ಸಲ ಅದೃಷ್ಟ ಚೆನ್ನಾಗಿತ್ತು. ಕಾರು ನಿಲ್ಲಿಸಿ ತಲೆ ಎತ್ತಿದರೆ ಎದುರಿಗೇ ಗಾಜಿನ ಬಾಗಿಲು, ಬಾಗಿಲಾಚೆ ಅತ್ತೆಯವರು! ಇಳಕಲ್ ಸೀರೆ, ಕೈಯಲ್ಲಿ ಗಂಗಾಜಲದ ತಂಬಿಗೆ, ಪಕ್ಕದಲ್ಲಿ ಪೆಟ್ಟಿಗೆ. ನಡುವೆ ಇಪ್ಪತ್ತು ಹೆಜ್ಜೆ. ಅವರೂ ನನ್ನನ್ನು ಕಂಡರು. ನಾನು ಕಿಟಕಿಯಿಂದ ಕೈ ಬೀಸಿ "ಬರ್ರಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಫೋನ್ ತೆಗೆದು ಗಿರಿಜೆಗೆ ಹಚ್ಚಿದೆ. ಅವರೂ ನನ್ನ ಮುಖ ನೋಡುತ್ತಲೇ ಫೋನ್ ತೆಗೆದು ಗಿರಿಜೆಗೆ ಹಚ್ಚಿದರು. ಅವಳೂ ಆಗಲೇ ನಮಗೆ ಹಚ್ಚುತ್ತಿದ್ದಳೋ ಏನೋ, ಇಬ್ಬರಿಗೂ "ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ" ಎಂಬ ಹೆಣ್ಣುದನಿ. ಕತ್ತರಿಸಿ ಮತ್ತೆ ಹಚ್ಚಿದೆ. ಅವರೂ ಕತ್ತರಿಸಿ ಹಚ್ಚಿದರು.

ಕಾವಲುಗಾರ ಒಮ್ಮೆ ನನ್ನನ್ನೂ ಒಮ್ಮೆ ಅವರನ್ನೂ ನೋಡಿದ. "ಅವರು ನಿಮ್ಮವರಾ ಸಾರ್?"

"ಹೌದು."

"ಮತ್ತೆ ಕರೀರಿ."

"ಅದು... ಹಂಗ ಕರಿಯಾಕ ಬರಂಗಿಲ್ಲ."

"ಯಾಕೆ ಸಾರ್, ಗಂಟಲು ಸರಿ ಇಲ್ವಾ?"

ನಾಲ್ಕು ವರ್ಷದ ಚರಿತ್ರೆಯನ್ನು ಉಳಿದ ಒಂದು ನಿಮಿಷದಲ್ಲಿ ಹೇಳುವುದು ಹೇಗೆ? ಹಿಂದಿನ ಕಾರಿನವರು ಹಾರ್ನ್ ಬಾರಿಸಿದರು. ನಾನು ಗೇರು ಹಾಕಿ ಮುಂದೆ ಹೋದೆ. ಕನ್ನಡಿಯಲ್ಲಿ ಅತ್ತೆಯವರು ಕಿವಿಗೆ ಫೋನ್ ಹಿಡಿದು ನಿಂತೇ ಇದ್ದದ್ದು ಕಾಣಿಸಿತು.

ಮೂರನೇ ಸುತ್ತಿನ ಮೇಲ್ಸೇತುವೆಯಲ್ಲಿದ್ದಾಗ ಗಿರಿಜೆಯ ಫೋನ್ ಬಂತು. "ಅವ್ವನ ಫೋನ್ ಸ್ವಿಚ್ ಆಫ್ ಬರಾಕ ಹತ್ತೈತ್ರಿ. ಚಾರ್ಜ್ ಹೋಗೈತಿ ಅನಸ್ತೈತಿ. ಲಗೂನ ಹೋಗ್ರಿ." ಹೋದೆ. ಗಾಜಿನ ಬಾಗಿಲ ಮುಂದೆ ಅತ್ತೆಯವರು ಇರಲಿಲ್ಲ. ಬೇರೆ ಯಾರೋ ಸೂಟಿನವರು ನಿಂತಿದ್ದರು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಎಲ್ಲಿಯೂ ಇಲ್ಲ.

ಆಗ ನನಗೆ ನಿಜವಾಗಿ ಭಯವಾಯಿತು. ಅರವತ್ತೆಂಟು ವರ್ಷದ ಹೆಂಗಸು, ಗುರುತು ಪರಿಚಯವಿಲ್ಲದ ಜನರ ನಡುವೆ, ಫೋನೂ ಇಲ್ಲ. ಹೋದ ವರ್ಷ ನನಗೆ ಕಾಮಾಲೆಯಾದಾಗ ಈಕೆಯೇ ಹನ್ನೊಂದು ದಿನ ಹಡಗಲಿಯಿಂದ ಮೊದಲ ಬಸ್ಸಿಗೆ ಬಂದು, ನೆಲನೆಲ್ಲಿ ಅರೆದ ಮಜ್ಜಿಗೆಯ ಲೋಟವನ್ನು ಮಂಚದ ಬಳಿ ಇಟ್ಟು, ಕಿಟಕಿಗೆ "ಕುಡೀಬೇಕಂತ" ಎಂದು ಹೇಳಿ ಹೋಗುತ್ತಿದ್ದರು. ಹನ್ನೊಂದು ದಿನದಲ್ಲಿ ಒಂದು ದಿನವೂ ನಾನು ಅವರಿಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಇದು ನೆನಪಾದದ್ದೇ ತಡ, ಬೋರ್ಡು, ಬೀಗ ಎಲ್ಲ ಮರೆತು ಬಾಗಿಲು ತೆರೆದು ಇಳಿದು ಓಡಿದೆ. ಹಿಂದೆ ಸೀಟಿ ಕೂಗುತ್ತಿತ್ತು. ನಾನು ಪಾಠ ಮಾಡುವ ದನಿಯಲ್ಲಿ, ಕೊನೆಯ ಬೆಂಚಿಗೂ ಕೇಳುವಂತೆ, "ಅತ್ತೀ! ಅತ್ತಿಯಾರ!" ಎಂದು ಕೂಗಿದೆ. ಅಲ್ಲಿದ್ದ ವಯಸ್ಸಾದ ಹೆಂಗಸರೆಲ್ಲ ತಿರುಗಿ ನೋಡಿದರು.

"ಯಾಕ ಹಂಗ ಒದರ್ತೀರಿ? ಇಲ್ಲೇ ಅದೀನಲ್ಲ."

ಕಂಬದ ಹಿಂದೆ ಪೆಟ್ಟಿಗೆಯ ಮೇಲೆ ಕೂತಿದ್ದರು. ಬಿಸಿಲು ತಡೆಯದೆ ನೆರಳಿಗೆ ಸರಿದಿದ್ದರಂತೆ, ಅಷ್ಟೇ. ನಾನು ಏದುಸಿರು ಬಿಡುತ್ತ ನಿಂತೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮುಂಜಾನಿ ಏನರ ತಿಂದೀರೇನು?" ಎಂದರು. ಕ್ಯಾಲೆಂಡರಿಗಲ್ಲ, ಕಿಟಕಿಗಲ್ಲ, ನನಗೆ.

ಪೆಟ್ಟಿಗೆ ಎತ್ತಿಕೊಂಡು ಬಂದು ನೋಡಿದರೆ ಕಾರಿನ ಮುಂದಿನ ಚಕ್ರಕ್ಕೆ ದೊಡ್ಡ ಹಳದಿ ಬೀಗ. ಕಾವಲುಗಾರ ರಸೀದಿ ಪುಸ್ತಕ ಹಿಡಿದು ಸಿದ್ಧನಾಗಿದ್ದ. "ಸೀಟು ಬಿಟ್ಟು ಇಳೀಬಾರ್ದು ಅಂತ ಬರ್ದಿದೆ ಸಾರ್. ಓದೋಕೆ ಬರಲ್ವಾ? ಗಾಡಿ ಓಡ್ಸೋಕೂ ಬರಲ್ಲ, ಮೂರು ಸಲ ಅಡ್ಡಡ್ಡ ನಿಲ್ಸಿದ್ರಿ."

ಅತ್ತೆಯವರು ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು. ಹೂವಿನ ಮಾರುಕಟ್ಟೆಯಲ್ಲಿ ದಲ್ಲಾಳಿಗಳು ಈ ಸೆರಗು ಕಂಡರೆ ದರ ಏರಿಸುತ್ತಾರೆಂದು ಕೇಳಿದ್ದೆ. "ಏನಪಾ ತಮ್ಮಾ, ನಿಮ್ಮ ಪಟ್ಟಿ ಮ್ಯಾಲೆ ನನ್ನ ಪೆಟ್ಟಿಗಿ ಬರಾಕ ಮುಕ್ಕಾಲು ತಾಸು ಆತು. ಅದಕ್ಕ ನಾ ನಿಮಗೇನರ ದಂಡ ಹಾಕಿದ್ನೇನು? ನಿಮಗ ಮುಕ್ಕಾಲು ತಾಸು, ನಮಗ ಏಳು ನಿಮಿಷ, ಇದ್ಯಾವ ನ್ಯಾಯ? ಮತ್ತ ಇನ್ನೊಂದು ಮಾತು. ನಮ್ಮ ಅಳಿಯಂದಿರಿಗೆ ಗಾಡಿ ಓಡಿಸಾಕ ಬರಂಗಿಲ್ಲ ಅಂದ್ಯಲ್ಲ, ಹಡಗಲಿ ತಾಲ್ಲೂಕಿನಾಗ ಇವರಂಗ ಗಾಡಿ ಓಡ್ಸೋರು ಒಬ್ರನ್ನ ತೋರ್ಸು ನೋಡೋಣ!"

ಇವರಂಗ ಓಡಿಸುವವರು ನಿಜಕ್ಕೂ ಯಾರೂ ಇಲ್ಲ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕಾವಲುಗಾರ ರಸೀದಿ ಪುಸ್ತಕ ಕೆಳಗಿಳಿಸಿ, "ಅಜ್ಜಿ, ನಾನು ಬರೀ ಕಾವಲಿನವನು" ಎಂದ. ದಂಡವನ್ನೇನೋ ತೆಗೆದುಕೊಂಡ. ಆದರೆ ಬೀಗ ತೆಗೆದವನು ಅತ್ತೆಯವರ ಕೈಯಿಂದ ಅಂಗೈಯಗಲ ಗಂಗಾಜಲವನ್ನೂ ಕುಡಿದು, ನಮಸ್ಕಾರ ಮಾಡಿಯೇ ನಮ್ಮನ್ನು ಕಳಿಸಿದ.

ಊರು ದಾಟಿ ಹೆದ್ದಾರಿಗೆ ಬಂದ ಮೇಲೆ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ಇಡ್ಲಿ ಬಂತು. ತಿನ್ನಲು ಮನಸ್ಸಾಗಲಿಲ್ಲ. ನಾಲ್ಕು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಆಡಿದೆ. "ಅತ್ತಿಯಾರ, ಅವತ್ತು ನಿಮ್ಮನ್ನ ಬಸ್ಸಿಗೆ ಹೋಗ್ರಿ ಅನ್ನಬಾರದಿತ್ತು. ತಪ್ಪಾತು."

ಅತ್ತೆಯವರು ಚಟ್ನಿ ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡುತ್ತ, "ಯಾವತ್ತು?" ಎಂದರು. ನೆನಪಿಸಿದೆ. "ಅಯ್ಯ ಅದಾ! ನಾ ನಿಮ್ಮ ಮಾತಿಗೆ ಸಿಟ್ಟಾಗಿ ಹೋಗ್ಲಿಲ್ಲರಿ. ಕಾರಿನ್ಯಾಗ ಕುಂತ್ರ ನನಗ ವಾಂತಿ ಬರ್ತೈತಿ. ಅಳಿಯಂದಿರ ಹೊಸ ಕಾರು ಹತ್ತಂಗಿಲ್ಲ ಅಂತ ಹೆಂಗ ಹೇಳಬೇಕು ಅಂತ ಯೋಚ್ನಿ ಮಾಡಾಕ ಹತ್ತಿದ್ದೆ. ಅಷ್ಟರಾಗ ನೀವ ಬಸ್ಸಿಗೆ ಅಂದ್ರಿ. ಬದುಕಿದೆ ಅಂತ ಹೊಂಟೆ."

"ಮತ್ತ ನಾಲ್ಕು ವರ್ಷ ಮಾತು ಯಾಕ ಬಿಟ್ರಿ?"

"ನೀವು ಬಿಟ್ರಲ್ಲ? ಮೇಷ್ಟ್ರು ಅದಾರ, ಮೌನ ವ್ರತ ಹಿಡದಿರಬೇಕು, ಕೆಡಿಸೋದು ಬ್ಯಾಡ ಅಂತ ನಾನೂ ಸುಮ್ಮನಿದ್ದೆ."

ಉಳಿದ ದಾರಿಯಲ್ಲಿ ಅವರಿಗೆ ಒಂಬತ್ತು ಸಲ ವಾಂತಿ ಬಂದಂತಾಯಿತು. ಒಂಬತ್ತು ಸಲವೂ ಗಾಡಿ ನಿಲ್ಲಿಸಿ, ಮೂಗಿಗೆ ನಿಂಬೆಹಣ್ಣು ಹಿಡಿದು, ಬೆನ್ನು ತಟ್ಟಿದೆ. ನಿಲ್ಲಿಸದ ಹೊತ್ತಿನಲ್ಲಿ ಅವರು ಮಾತಾಡಿದರು. ನನ್ನ ತೂಕ, ನನ್ನ ಕೂದಲು, ನಾನು ಮನೆ ಕಟ್ಟಿಸಿದ ದಿಕ್ಕು, ಗಿರಿಜೆಗೆ ಬಂದಿದ್ದ ಬೇರೆ ಎರಡು ಸಂಬಂಧಗಳು, ಅವರಿಬ್ಬರೂ ಈಗ ಎಷ್ಟು ಚೆನ್ನಾಗಿದ್ದಾರೆ ಎಂಬುದು. ರಾತ್ರಿ ಕೊಟ್ಟೂರು ಮುಟ್ಟಿದಾಗ ಗಿರಿಜೆ ಕುಂಟುತ್ತ ಬಾಗಿಲಿಗೆ ಬಂದಳು. ನಾವಿಬ್ಬರೂ ನಡುವೆ ಅವಳಿಲ್ಲದೆ ಮಾತಾಡುವುದನ್ನು ಕಂಡು ಮೊದಲು ಕಣ್ಣೊರೆಸಿಕೊಂಡಳು. ಅರ್ಧ ಗಂಟೆ ಕಳೆದ ಮೇಲೆ ನನ್ನನ್ನು ಅಡಿಗೆಮನೆಗೆ ಕರೆದು, "ನನ್ನ ಮ್ಯಾಲೆ ಏನೇನ ಚಾಡಿ ಹೇಳೀರಿ?" ಎಂದು ಕೇಳಿದಳು.

ಈಗ ಅತ್ತೆಯವರು ದಿನಾ ಬೆಳಿಗ್ಗೆ ಹೂ ಬಿಡಿಸಿ ಮುಗಿಸಿದ ಕೂಡಲೇ ನೇರವಾಗಿ ನನಗೇ ಫೋನ್ ಮಾಡುತ್ತಾರೆ. ನಿನ್ನೆಯೂ ಮಾಡಿದ್ದರು. ಮುಂದಿನ ತಿಂಗಳು ರಾಮೇಶ್ವರಕ್ಕೆ ಹೋಗಿ ವಿಮಾನದಲ್ಲೇ ವಾಪಸ್ ಬರುತ್ತಾರಂತೆ. ಈ ಸಲ ಐದೂ ಜನ ಹೆಂಗಸರು ಸೀದಾ ಊರಿಗೇ ಬರುವವರಂತೆ. "ಎಲ್ಲಾರಿಗೂ ಹೇಳೀನ್ರಿ, ನಮ್ಮ ಅಳಿಯಂದಿರು ಬರ್ತಾರ ಅಂತ. ಐದು ನಿಂಬಿಹಣ್ಣು ತಗೊಂಬರ್ರಿ" ಎಂದರು. ಮೊದಲಿನ ಹಾಗಿದ್ದರೆ ನಾನು ಗಿರಿಜೆಯ ಕಡೆ ತಿರುಗಿ, ಆಗೋದಿಲ್ಲ ಅಂತ ಹೇಳು ಎನ್ನುತ್ತಿದ್ದೆ. ಈಗ ಹಾಗೆನ್ನಲು ನಡುವೆ ಯಾರೂ ಇಲ್ಲ. "ಆತ್ರಿ ಅತ್ತಿಯಾರ" ಎಂದೆ.