ಎರಡು ಕೈಯ ಚಾಂಪಿಯನ್

ಐಶ್ವರ್ಯ: ಬಳ್ಳಾರಿಗೆ ನಾ ಬರಂಗಿಲ್ಲ ಅಂದ್ರ ಬರಂಗಿಲ್ಲ. ಬೇಕಾದ್ರ ನೀವಿಬ್ರೂ ಹೋಗಿ ಈಜಿ ಬರ್ರಿ.

ಸಿರುಗುಪ್ಪದಲ್ಲಿ ಬೆಳಗಿನ ಏಳು ಗಂಟೆ. ಎಂಟರ ಬಸ್ಸು ಹಿಡಿಯಬೇಕು, ಹುಡುಗಿ ನೋಡಿದರೆ ಮಂಡಕ್ಕಿ ಒಗ್ಗರಣೆಯನ್ನೂ ಮುಟ್ಟದೆ ಕೂತಿದ್ದಾಳೆ. ಮಧ್ಯಾಹ್ನ ಬ್ರೆಸ್ಟ್‌ಸ್ಟ್ರೋಕ್, ಅಂದರೆ ಊರವರು ಹೇಳುವ ಕಪ್ಪೆ ಈಜಿನ ಸ್ಪರ್ಧೆ, ಗೆದ್ದರೆ ರಾಜ್ಯಮಟ್ಟಕ್ಕೆ. ಆ ಈಜಿನಲ್ಲಿ ಕೊನೆಗೆ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಬೇಕು. ಹೋದ ಎರಡು ವರ್ಷವೂ ಐಶ್ವರ್ಯ ಎಲ್ಲರಿಗಿಂತ ಮುಂದೆ ಬಂದು, ಒಂದೇ ಕೈಯಲ್ಲಿ ಮುಟ್ಟಿ ಹೊರಬಿದ್ದಿದ್ದಳು.

ಎರ್ರಿಸ್ವಾಮಿ: ಎರಡೂ ಕೈಲೆ ಮುಟ್ಟು ಅಂತ ಎಷ್ಟು ಸಲ ಬಡಕೊಳ್ಳಲಿ?

ಐಶ್ವರ್ಯ: ಸ್ಪೀಡಿನ್ಯಾಗ ಒಂದು ಕೈ ತಾನೇ ಮುಂದ ಹೋಗತೈತಪ್ಪ. ನಿಮ್ಮ ಮಗಳಲ್ಲೇನು?

ಈ ಮಾತಿಗೆ ಎರ್ರಿಸ್ವಾಮಿಯ ಎದೆ ಉಬ್ಬಿತು. ಹೊಟ್ಟೆ ಮೊದಲೇ ಉಬ್ಬಿತ್ತು. ಅವನ ಗೊಬ್ಬರದ ಅಂಗಡಿಯ ಗೋಡೆಯಲ್ಲಿ ಕಪ್ಪೆ ಈಜಿನ ಚಿನ್ನದ ಪದಕವೊಂದು ಇಪ್ಪತ್ತಾರು ವರ್ಷದಿಂದ ನೇತಾಡುತ್ತಿದೆ. ಯೂರಿಯಾ ಕೊಳ್ಳಲು ಬಂದವರು ಅದರ ಕಥೆ ಕೇಳದೆ ಮೆಟ್ಟಿಲಿಳಿಯುವಂತಿಲ್ಲ. ಎರಡನೆಯವನಿಗೂ ತನಗೂ ಇದ್ದ ಅಂತರ ಮೊದಮೊದಲು ಒಂದು ಮೊಳ ಇತ್ತು, ಮದುವೆಯಾದ ಮೇಲೆ ಒಂದು ಮಾರು ಆಯಿತು, ಈಗ ಅರ್ಧ ಕೊಳಕ್ಕೆ ಬಂದು ನಿಂತಿದೆ.

ದಾಕ್ಷಾಯಣಿ (ಊಟದ ಡಬ್ಬಿ ಮುಚ್ಚುತ್ತ): ಏನ್ರೀ, ಇನ್ನಾದ್ರೂ ಆಕಿಗೆ ಖರೆ ಹೇಳ್ರಿ.

ಎರ್ರಿಸ್ವಾಮಿ: ಯಾವ ಖರೆ?

ದಾಕ್ಷಾಯಣಿ: ನೀವು ಹೇಳ್ತೀರೋ, ನಮ್ಮಣ್ಣಗ ಫೋನ್ ಹಚ್ಚಲೋ?

ಅವಳ ಅಣ್ಣ ಚನ್ನಬಸವರಾಜ, ಎರ್ರಿಸ್ವಾಮಿ ಪದಕ ಗೆದ್ದ ದಿನ ಅದೇ ಸ್ಪರ್ಧೆಯಲ್ಲಿ ಈಜಿದವನು. ಅವನ ಬಾಯಿಗಿಂತ ತನ್ನ ಬಾಯಿಯೇ ವಾಸಿ ಎಂದು ಎರ್ರಿಸ್ವಾಮಿಗೂ ಗೊತ್ತು. ಚಾಂಪಿಯನ್ನರಿಗೆ ಸೋತವರ ಸಂಕಟ ಹೇಗೆ ತಿಳಿಯಬೇಕು ಎಂದು ಮಗಳು ಕಣ್ಣೊರೆಸಿಕೊಂಡಾಗ ಅವನು ಅವಳೆದುರು ಬಂದು ಕೂತ.

ಎರ್ರಿಸ್ವಾಮಿ: ನನಗ ತಿಳಿತೈತವ್ವ. ಅವತ್ತು ಅರ್ಧ ಕೊಳದ ಅಂತರ ಇದ್ದದ್ದು ಖರೆ. ಹಿಂದಿದ್ದಾಂವ ನಾನು.

ಐಶ್ವರ್ಯ: ಅಂದ್ರ?

ಎರ್ರಿಸ್ವಾಮಿ: ನಾಲ್ಕು ಮಂದಿ ಈಜಿದ್ವಿ, ನಾ ನಾಲ್ಕನೇದಾಂವ. ಮುಂದಿನ ಮೂರೂ ಮಂದಿ ಒಂದೇ ಕೈಲೆ ಗೋಡಿ ಬಡಿದು ಔಟ್ ಆದ್ರು. ನಾ ಬಂದು ಮುಟ್ಟೋತನಕ ತೀರ್ಪು ಕೊಡೋರದು ಚಾ ಕುಡದು ಮುಗಿದಿತ್ತು.

ಐಶ್ವರ್ಯ: ಮತ್ತ ನಿಮಗೊಬ್ಬರಿಗೇ ಆ ರೂಲ್ಸ್ ಯಾರು ಕಲಿಸಿದ್ರು?

ಎರ್ರಿಸ್ವಾಮಿ: ಯಾರೂ ಇಲ್ಲ. ನಾ ಈಜು ಕಲ್ತದ್ದು ಬಾದನಹಟ್ಟಿ ಕಡೆ ಕಾಲುವ್ಯಾಗ. ಅಲ್ಲಿ ದಂಡಿ ಮೆಟ್ಟಲು ಎರಡೂ ಕೈಲೆ ಹಿಡೀಲಿಲ್ಲ ಅಂದ್ರ ನೀರು ಎಳಕೊಂಡು ಹೋಗಿ ಮುಂದಿನ ಊರಾಗ ಬಿಡತಿತ್ತು. ಆ ಪದಕ ಈಜಿಗೆ ಬಂದದ್ದಲ್ಲವ್ವ, ಅಂಜಿಕಿಗೆ ಬಂದದ್ದು.

ಇಷ್ಟು ಹೇಳಿ ಎರ್ರಿಸ್ವಾಮಿ ತಲೆ ತಗ್ಗಿಸಿದ. ಮಗಳು ನಗುತ್ತಾಳೆಂದು ಕಾದ; ನಗಲಿಲ್ಲ. ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ತಿನ್ನತೊಡಗಿದಳು.

ಐಶ್ವರ್ಯ: ಅವತ್ತು ಎಲ್ಲಾರಿಗಿಂತ ಮುಂದ ಬಂದಾಂವ ಯಾರು?

ದಾಕ್ಷಾಯಣಿ: ಇನ್ನ್ಯಾರು, ನಿಮ್ಮ ಚನ್ನಬಸು ಮಾಮ. ಇವತ್ತಿಗೂ ಆ ಕೈ ನೋಡಿಕೊಂತ ಬೈಕೋತಾನ.

ಐಶ್ವರ್ಯ (ಚೀಲ ಹೆಗಲಿಗೇರಿಸಿ): ಹಂಗಾದ್ರ ನಡೀರಿ. ಇವತ್ತು ಮಾಮನ ಹಂಗ ಈಜಿ, ನಿಮ್ಮ ಹಂಗ ಮುಟ್ಟತೀನಿ.

ಎರ್ರಿಸ್ವಾಮಿ: ಆತವ್ವ. ಅದಲು ಬದಲು ಆಗದಂಗ ನೋಡ್ಕೊ, ಅಷ್ಟ.